ಥೆಮೆಲೀನಳ ದುಬಾರಿ ಟಿಕೆಟ್ಟು

ಆಸ್ಟ್ರೇಲಿಯಾದ ಡಾರ್ವಿನ್ನಿನ ನಮ್ಮ ಕಾಲಿಮ್ನೋಸ್ ಜನರಲ್ಲಿ ಯಾರೇ ಊರಿಗೆ ಹೊರಟರೂ ಮೊದಲು ಹೋಗುತ್ತಿದ್ದದ್ದು ಟಿಕೆಟ್ ಅಂಗಡಿಗಲ್ಲ, ಥೆಮೆಲೀನಳ ಅಡುಗೆಮನೆಗೆ. ಊರು ಅಂದರೆ ನಮಗೆ ಇವತ್ತಿಗೂ ಗ್ರೀಸಿನ ಆ ಬೋಳು ಬಂಡೆಯ ದ್ವೀಪವೇ. ಇಲ್ಲಿ ಹುಟ್ಟಿ ಇಲ್ಲೇ ತಲೆ ನರೆತವರೂ ಹಾಗೇ ಅನ್ನುವುದು. ಥೆಮೆಲೀನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೊಮ್ಮಗನ ಹಳೇ ಟ್ಯಾಬ್ಲೆಟ್ಟನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಕೂತರೆ ಮುಗಿಯಿತು. ಯಾವ ವಿಮಾನದವರು ಯಾವ ವಾರ ದರ ಇಳಿಸುತ್ತಾರೆ, ಎಲ್ಲಿ ಇಳಿದು ಎಲ್ಲಿ ಹತ್ತಿದರೆ ಅಗ್ಗ, ಎಲ್ಲವೂ ಅವಳಿಗೆ ಅಂಗೈಯಲ್ಲಿತ್ತು.

ಯಾರಾದರೂ ಒಳ್ಳೆಯ ವಿಮಾನದ ಹೆಸರೆತ್ತಿದರೆ ಅವಳಿಗೆ ಮೈ ಉರಿಯುತ್ತಿತ್ತು. "ಸೀಟು ಅಂದ್ರೆ ಸೀಟು ಕಣೆ. ಕೂರೋದು ಅದೇ ಕುಂಡಿ, ಇಳಿಯೋದು ಅದೇ ಅಥೆನ್ಸು. ಮಧ್ಯೆ ಒಬ್ಳು ಬಂದು ಹಲ್ಲು ಕಿರಿದು ಜ್ಯೂಸ್ ಕೊಟ್ಳು ಅಂತ ಅಷ್ಟೊಂದು ದುಡ್ಡು ಸುರೀತೀಯಾ? ನಮ್ಮನೆಗೆ ಬಾ, ನಾನೇ ಹಲ್ಲು ಕಿರಿದು ಕೊಡ್ತೀನಿ."

ಹಲ್ಲು ಕಿರಿಯೋದಕ್ಕೆ ಅವಳಿಗೆ ಪುರುಸೊತ್ತೆಲ್ಲಿತ್ತು ಅನ್ನುವುದು ಬೇರೆ ಮಾತು. ಹದಿನೆಂಟಕ್ಕೆ ಮದುವೆಯಾಗಿ ಇಲ್ಲಿಗೆ ಬಂದವಳು. ಬಂದ ಕೆಲವೇ ವರ್ಷಕ್ಕೆ, ಎಪ್ಪತ್ನಾಲ್ಕರ ಕ್ರಿಸ್ಮಸ್ಸಿನ ಚಂಡಮಾರುತ ಮನೆಯ ಚಾವಣಿಯನ್ನೂ ಅವಳ ಮದುವೆಯ ಪೆಟ್ಟಿಗೆಯನ್ನೂ ಒಟ್ಟಿಗೇ ಹೊತ್ತುಕೊಂಡು ಹೋಯಿತು. ಅಂದು ಕಸ ಬಳಿಯಲು ಎದ್ದವಳು ಮತ್ತೆ ಕೂರಲೇ ಇಲ್ಲ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಬೆಳಿಗ್ಗೆ ಶಾಲೆಯ ಕೋಣೆಗಳನ್ನು ಒರೆಸುವುದು, ಮಧ್ಯಾಹ್ನ ಮನೆ, ಸಂಜೆ ಚರ್ಚಿನ ಅಡುಗೆಮನೆ. ಊಟಕ್ಕೆ ಕರೆದರೆ ಅತಿಥಿಗಳೆಲ್ಲ ತಿಂದು ಮುಗಿಸುವವರೆಗೂ ನಿಂತೇ ಇರುತ್ತಿದ್ದಳು, ತಟ್ಟೆ ಕೈಯಲ್ಲಿ ಹಿಡಿದು.

ಗಂಡ ನೊಮಿಕೋಸ್ ಟೈಲ್ಸ್ ಹಾಕುವವನು. ಡಾರ್ವಿನ್ನಿನ ಅರ್ಧ ಬಚ್ಚಲುಮನೆಗಳ ನೆಲ ಅವನು ಮಂಡಿಯೂರಿ ಕೂರಿಸಿದ್ದು. ಮಾತು ಕಡಿಮೆ. ನಮ್ಮ ಗಂಡಸರು ವರ್ಷದ ಮುಕ್ಕಾಲು ಪಾಲು ಕಡಲ ತಳದಲ್ಲಿ ಬೆಳೆಯುವ ಸ್ಪಂಜು ಕೀಳಲು ದೂರ ಹೋಗುತ್ತಿದ್ದ ಕಾಲದಿಂದಲೂ ಮನೆ, ದುಡ್ಡು, ತೀರ್ಮಾನ ಎಲ್ಲ ಹೆಂಗಸರದೇ. ನೊಮಿಕೋಸ್ ಸ್ಪಂಜಿಗೆಂದು ಒಂದು ದಿನವೂ ನೀರಿಗಿಳಿದವನಲ್ಲ, ಆದರೆ ಅಭ್ಯಾಸ ಹೋಗಬೇಕಲ್ಲ! ವಾರದ ಸಂಬಳವನ್ನು ಅವಳ ಕಾಫಿ ಬಟ್ಟಲಿನ ಪಕ್ಕ ಇಡುವುದು, ಖರ್ಚಿನ ವಿಷಯಕ್ಕೆ ಬಾಯಿ ಹಾಕದಿರುವುದು, ತನಗೆ ಇಂಥದ್ದು ಬೇಕು ಎಂದು ಕೇಳದಿರುವುದು. ಕೇಳುವ ಗಂಡಸನ್ನು ನಮ್ಮಲ್ಲಿ ಮಗು ಅಂತ ಆಡಿಕೊಳ್ಳುತ್ತಾರೆ.

ಹಾಗಾಗಿ ಥೆಮೆಲೀನ ಟಿಕೆಟ್ಟು ತೆಗೆದಳು, ಅವನು ಹಿಂದೆ ನಡೆದ. ಮೂರು ವಿಮಾನ ಬದಲಿಸುವ ಟಿಕೆಟ್ಟು, ನೀರಿಗೂ ಕಾಸು ಕೇಳುವ ಟಿಕೆಟ್ಟು, ಹೆಸರೇ ಕೇಳದ ನಿಲ್ದಾಣದಲ್ಲಿ ಅರ್ಧ ದಿನ ಬಿದ್ದಿರಬೇಕಾದ ಟಿಕೆಟ್ಟು. ಅವಳ ಬಳಿ ಖಾಲಿ ಬಾಟಲಿ, ನೆಲಕ್ಕೆ ಹಾಸಲು ರಟ್ಟು, ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಫೀಲಾ ಎಂಬ ತಿಂಡಿಯ ದೊಡ್ಡ ಡಬ್ಬಿ. ಹೀಗೆ ಉಳಿದ ದುಡ್ಡೆಲ್ಲ ಊರಲ್ಲಿ ಕಟ್ಟಿಸುತ್ತಿದ್ದ ಮನೆಗೆ ಹೋಗುತ್ತಿತ್ತು. ಮನೆ ಹಿರಿಮಗಳಿಗೆ ಸೇರಬೇಕು ಅನ್ನುವುದು ನಮ್ಮ ಪದ್ಧತಿ. ಒಂದು ಪ್ರಯಾಣದ ಉಳಿತಾಯ ಬಾಲ್ಕನಿಯ ಕಂಬಿಯಾಯಿತು, ಇನ್ನೊಂದರದ್ದು ಮೇಲಂತಸ್ತಿನ ಕಿಟಕಿಯಾಯಿತು. ಹಿರಿಮಗಳು ಕಾಲೋಟೀನ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಆ ಕಿಟಕಿಯಿಂದ ಅವಳು ಇಣುಕಿದ್ದು ಎರಡೇ ಬೇಸಿಗೆ.

ಈ ವರ್ಷ ಫೆಬ್ರವರಿ, ಇಲ್ಲಿನ ಮಳೆಗಾಲ ಇನ್ನೂ ಮುಗಿದಿರಲಿಲ್ಲ, ನೊಮಿಕೋಸನ ಅಕ್ಕ ಸೆವಾಸ್ತಿ ಫೋನಿನಲ್ಲಿ ಮುಖ ತೋರಿಸಿದಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಎಂಬತ್ತೈದಾಗಿತ್ತು, ಹೃದಯ ಅರ್ಧಂಬರ್ಧ ಕೆಲಸ ಮಾಡುತ್ತಿತ್ತು.

"ಈಸ್ಟರಿಗೆ ಬಾರೋ. ಸಾಯ್ತೀನಿ ಗೀಯ್ತೀನಿ ಅಂತ ನಾಟಕ ಆಡಲ್ಲ ನಾನು. ನಿನ್ನ ಮುಖ ನೋಡ್ಬೇಕು, ಅಷ್ಟೆ."

"ನೋಡೋಣ ಅಕ್ಕ," ಎಂದ ನೊಮಿಕೋಸ್. ಫೋನು ಇಟ್ಟ ಮೇಲೆ ಹೆಂಡತಿಗೆ ಹೇಳಿದ: "ನೀನು ಹೋಗಿ ಬಾ. ನಾನು ಈ ಸಲ ಬರಲ್ಲ."

ಥೆಮೆಲೀನ ಬೈದಳು, ಗೋಗರೆದಳು, ಎರಡು ದಿನ ಮಾತು ಬಿಟ್ಟಳು. ಅವನು ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತವನು ಕೂತೇ ಇದ್ದ. ಅಕ್ಕನನ್ನು ನೋಡದೆ ಇವನು ಉಳಿದರೆ, ಆಮೇಲೆ ಅವಳು ಹೋಗಿಬಿಟ್ಟರೆ, ಈ ಕುರ್ಚಿಯಿಂದ ಇವನನ್ನು ಮತ್ತೆ ಎಬ್ಬಿಸುವುದು ತನ್ನಿಂದಾಗುವುದಿಲ್ಲ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿತು. ಭಯವಾಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಅವನ ಹಳೇ ಜೊತೆಗಾರ ಪೊಥಿಟೋಸನನ್ನು ಚರ್ಚಿನ ಗೋಡೆಗೆ ಒತ್ತಿ ಹಿಡಿದಳು. "ನಿನಗೆ ಗೊತ್ತು. ಹೇಳು."

"ನನಗೇನು ಗೊತ್ತು ಅತ್ತಿಗೆ..."

"ಪೊಥಿಟೋಸ್, ನಿನ್ನ ಹೆಂಡತಿಗೆ ನಿನ್ನ ಸಿಗರೇಟಿನ ವಿಷಯ ಇನ್ನೂ ಹೇಳಿಲ್ಲ ನಾನು."

ಪೊಥಿಟೋಸ್ ಬಾಯಿ ಬಿಟ್ಟ. ಹೋದ ಸಲ ಊರಿಗೆ ಹೋಗುವಾಗ ಮರುಭೂಮಿಯ ನಡುವಿನ ಒಂದು ವಿಮಾನ ನಿಲ್ದಾಣದಲ್ಲಿ, ಥೆಮೆಲೀನ ಬಾಟಲಿ ತುಂಬಿಸಲು ಹೋಗಿದ್ದಾಗ, ನೊಮಿಕೋಸನಿಗೆ ರಟ್ಟಿನ ಮೇಲಿಂದ ಏಳಲಾಗಿರಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಇಬ್ಬರು ಕಾವಲಿನವರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ್ದರು. ಅವಳು ಬರುವಷ್ಟರಲ್ಲಿ ಗೋಡೆ ಹಿಡಿದುಕೊಂಡು, ಅಂಗಡಿ ನೋಡುತ್ತಿರುವವನ ಹಾಗೆ ನಿಂತಿದ್ದ.

"ನನಗೆ ಒಂದು ಮಾತು ಹೇಳೋಕಾಗಲಿಲ್ವಾ ಅವನಿಗೆ?"

"ನಾನೂ ಹಾಗೇ ಕೇಳ್ದೆ ಅತ್ತಿಗೆ. 'ಆ ಟಿಕೆಟ್ ಸಿಕ್ಕಿದ ದಿನ ಅವಳು ಎಷ್ಟು ಖುಷಿಯಾಗಿದ್ಲು ಗೊತ್ತಾ, ಹೇಗೆ ಹೇಳ್ಲೋ' ಅಂದ."

ಥೆಮೆಲೀನ ಮನೆಗೆ ನಡೆದೇ ಹೋದಳು. ದಾರಿಯುದ್ದಕ್ಕೂ ಗಂಡನನ್ನು ಬೈದಳು, ಅರ್ಧ ದಾರಿಯಾದ ಮೇಲೆ ತನ್ನನ್ನು ಬೈದುಕೊಂಡಳು. ಇಷ್ಟು ಜನಕ್ಕೆ ಇಷ್ಟು ಟಿಕೆಟ್ಟು ತೂಗಿ ಕೊಟ್ಟವಳು, ತಕ್ಕಡಿಯಲ್ಲಿ ಒಂದು ಜೊತೆ ಮಂಡಿ ಇಡುವುದನ್ನೇ ಮರೆತಿದ್ದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಸಂಜೆ ಟ್ಯಾಬ್ಲೆಟ್ಟು ಮುಂದಿಟ್ಟುಕೊಂಡು, ಜೀವನದಲ್ಲಿ ಮೊದಲ ಸಲ, ಪಟ್ಟಿಯ ಕೆಳತುದಿಯಿಂದ ಮೇಲಕ್ಕೆ ನೋಡಿದಳು. ಮೈಚಾಚಿ ಮಲಗುವ ಸೀಟು, ಗಾಲಿಕುರ್ಚಿ, ಬಿಸಿ ಊಟ, ಸಿಂಗಾಪುರದಲ್ಲಿ ಒಂದೇ ಬದಲಾವಣೆ, ಅದೂ ಒಂದೂವರೆ ಗಂಟೆಯದು. ಬೆಲೆ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದಳು. ಮಗಳು ಕಾಲೋಟೀನ ಹಿಂದೆ ನಿಂತಿದ್ದಳು.

"ಅಮ್ಮ, ಊರಿನ ಮನೆಗೆ ಇನ್ನೊಂದು ಮೊಳೆ ಹೊಡೆಸಿದ್ರೂ ನಾನು ಜಗಳ ಆಡ್ತೀನಿ. ಅಪ್ಪನಿಗೆ ತೆಗಿ."

"ನಿನಗೆ ಕೊಡೋ ಮನೆ ಕಣೆ ಅದು. ನಾಳೆ ಜನ ಏನಂತಾರೆ?"

"ಜನ ಬಾಲ್ಕನಿ ಚೆನ್ನಾಗಿದೆ ಅಂತಾರೆ. ಅಪ್ಪ ಎಲ್ಲಿ ಅಂತಾನೂ ಕೇಳ್ತಾರೆ."

ಥೆಮೆಲೀನ ಕೊಂಡಳು. ಕೊಂಡದ್ದು ಹೇಗೆ ಅಂತೀರಿ? ನಮ್ಮ ಥೆಮೆಲೀನ ಮಾತ್ರ ಮಾಡಬಹುದಾದ ಕೆಲಸ ಅದು. ಅವನಿಗೆ ಮಲಗುವ ಸೀಟು. ತನಗೆ, ಬೇರೆ ವಿಮಾನದಲ್ಲಿ, ಎರಡು ಕಡೆ ಇಳಿದು ಹತ್ತುವ, ಅಂದಿನ ಅತಿ ಅಗ್ಗದ ಸೀಟು. ಇಬ್ಬರೂ ಅಥೆನ್ಸಿನಲ್ಲಿ ಸೇರುವುದು. ಅವನ ಮಂಡಿಯೂ ಉಳಿಯಿತು, ತನ್ನ ಮರ್ಯಾದೆಯೂ ಉಳಿಯಿತು ಎಂದು ಬೀಗುತ್ತಾ ಮಾವಿನ ಮರದ ಕೆಳಗೆ ಹೋಗಿ ಹೇಳಿದಳು.

ನೊಮಿಕೋಸ್ ಕೇಳಿಸಿಕೊಂಡ. ಆಮೇಲೆ, "ಬೇಡ," ಎಂದ.

ಈ ಮದುವೆಯಲ್ಲಿ ದುಡ್ಡಿನ ವಿಷಯಕ್ಕೆ ಅವನು ಆಡಿದ ಮೊದಲ ಬೇಡ ಅದು.

"ಯಾಕೆ? ಪೊಥಿಟೋಸ್ ಎಲ್ಲಾ ಹೇಳ್ದ. ಮಂಡಿ ನೋವಿಗೆ ಅಂತ್ಲೇ ತೆಗೆದಿದ್ದು, ಹಾಸಿಗೆ ಥರ ಇರುತ್ತಂತೆ."

"ಹಾಸಿಗೆ ಮನೇಲಿದೆ."

"ಹಾಗಾದ್ರೆ ಏನು ಬೇಕು ನಿನಗೆ? ಬಾಯಿ ಬಿಟ್ಟು ಹೇಳು, ನಾನೇನು ಮನಸ್ಸು ಓದೋಳಾ?"

ಅವನು ಮಂಡಿಗಳ ಮೇಲೆ ಕೈ ಊರಿದ. ಸಿಮೆಂಟು ತಿಂದು ಒರಟಾದ ದೊಡ್ಡ ಕೈಗಳು.

"ಮಂಡಿ ನೋವು ನಿಜ. ಹೋದ ಸಲ ಸತ್ತೇ ಹೋದೆ ಅನ್ನಿಸ್ತು. ಅದಕ್ಕೇ ಬರಲ್ಲ ಅಂದಿದ್ದು. ಆದ್ರೆ ಥೆಮೆಲೀನ, ಆ ನಿಲ್ದಾಣಗಳಲ್ಲಿ ಕಾಯೋದಿತ್ತಲ್ಲ... ಅದು ನನಗಿಷ್ಟ. ಮನೇಲಿ ನೀನು ಕೂರಲ್ಲ. ಚರ್ಚಲ್ಲೂ ಕೂರಲ್ಲ. ಅಲ್ಲಿ ಒರೆಸೋಕೆ ಏನೂ ಇರಲ್ಲ, ಬೇಯಿಸೋಕೆ ಏನೂ ಇರಲ್ಲ. ನೀನು ನನ್ನ ಪಕ್ಕ ಕೂರ್ತಿದ್ದೆ. ಅಷ್ಟೆ. ನೀನು ಒಂದು ವಿಮಾನ, ನಾನೊಂದು ವಿಮಾನ ಅಂದ್ರೆ ನನಗ್ಯಾಕೆ ಅದು?"

ಥೆಮೆಲೀನ ಒಳಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ತೊಳೆಯುತ್ತಾ ಅತ್ತಳು.

ಮರುದಿನ ಅವಳು ಐರೀನಿಯ ಟಿಕೆಟ್ ಅಂಗಡಿಯ ಬಾಗಿಲು ತಳ್ಳಿದಾಗ ಆ ಹುಡುಗಿ ಎದ್ದು ನಿಂತುಬಿಟ್ಟಳು. ಅಂಗಡಿಯ ಗಿರಾಕಿಗಳನ್ನೆಲ್ಲ ತನ್ನ ಅಡುಗೆಮನೆಗೆ ಎಳೆದುಕೊಂಡ ಹೆಂಗಸು ಇವಳೇ.

"ಥೆಮೆಲೀನತ್ತೆ! ದಾರಿ ತಪ್ಪಿ ಬಂದ್ರಾ?"

"ಕುಹಕ ಆಮೇಲೆ ಮಾಡು. ಇವೆರಡು ಟಿಕೆಟ್ ನೋಡು."

ಅಗ್ಗದ್ದನ್ನು ರದ್ದು ಮಾಡಿದರೆ ಒಂದು ಡಾಲರೂ ವಾಪಸು ಬರುವುದಿಲ್ಲ ಎಂದಳು ಐರೀನಿ. ಥೆಮೆಲೀನ ಕಣ್ಣು ಮುಚ್ಚಿ, ಔಷಧಿ ಕುಡಿದವಳ ಹಾಗೆ ಅದನ್ನು ನುಂಗಿದಳು. ಮಲಗುವ ಸೀಟಿನದು ಬದಲಾಗುತ್ತಿತ್ತು. ಆ ಬೆಲೆಗೆ ಅದೇ ಒಳ್ಳೆಯ ವಿಮಾನದಲ್ಲಿ, ಕಾಲು ಚಾಚಲು ಜಾಗವಿರುವ ಮುಂದಿನ ಸಾಲಿನಲ್ಲಿ, ಅಕ್ಕಪಕ್ಕದ ಎರಡು ಸೀಟು ಸಿಕ್ಕವು. ಗಾಲಿಕುರ್ಚಿ ಉಂಟು.

"ಸಿಂಗಾಪುರದಲ್ಲಿ ಒಂದೂವರೆ ಗಂಟೆ ಅಷ್ಟೆ ಅತ್ತೆ, ತಕ್ಷಣ ಮುಂದಿನದು."

"ಬೇಡ. ಹೆಚ್ಚು ಹೊತ್ತು ಕಾಯಿಸೋದು ಯಾವುದಿದೆ?"

"ಯಾವುದು?"

"ಕಾಯಿಸೋದು ಕಣೇ! ಮಲಗೋ ಥರ ಕುರ್ಚಿ ಇರೋ ಕೋಣೇಲಿ. ದುಡ್ಡು ಜಾಸ್ತಿ ಆದ್ರೆ ಆಗಲಿ."

ಐರೀನಿ ಹುಡುಕಿದಳು. ಒಂಬತ್ತು ಗಂಟೆ ಕಾಯಿಸುವುದೊಂದಿತ್ತು. ಕೋಣೆಗೆ ಬೇರೆ ದುಡ್ಡು ತೆರಬೇಕಿತ್ತು. ಥೆಮೆಲೀನ ಕೊಟ್ಟಳು. ನಮ್ಮ ಜನ ಇಂದಿಗೂ ನಂಬದ ಮಾತಿದು, ಆದರೆ ಐರೀನಿ ಚರ್ಚಿನಲ್ಲಿ ಆಣೆ ಮಾಡಿ ಹೇಳಿದ್ದಾಳೆ.

ಹೊರಟದ್ದು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳಲ್ಲಿ. ಮಾಂಸ, ಬೆಣ್ಣೆ, ಮೊಟ್ಟೆ ಯಾವುದೂ ಕೂಡದು. ವಿಮಾನದ ಹುಡುಗಿ ನಗುತ್ತಾ ತಂದಿಟ್ಟ ತಟ್ಟೆಯಲ್ಲಿ ಮೂರೂ ಇದ್ದವು. ಇಷ್ಟು ದುಡ್ಡು ಕೊಟ್ಟು ಊಟವನ್ನು ಕಣ್ಣಲ್ಲಿ ನೋಡಿ ಕಳಿಸುವ ಮೂರ್ಖರು ನಾವೇ ಇರಬೇಕು ಎಂದು ಥೆಮೆಲೀನ ಫೀಲಾದ ಡಬ್ಬಿ ತೆಗೆದಳು. ಮುಖ ಒರೆಸಿಕೊಳ್ಳಲು ಕೊಟ್ಟ ಬಿಸಿ ಬಟ್ಟೆಯಿಂದ ಮುಂದಿನ ಮೇಜು ಒರೆಸಿದಳು, ಕಿಟಕಿಯನ್ನೂ ಒರೆಸಿದಳು. ನೊಮಿಕೋಸ್ ಕಾಲು ಚಾಚಿಕೊಂಡು, ಹೊಟ್ಟೆ ಕುಲುಕಿಸಿ ನಕ್ಕ.

ಸಿಂಗಾಪುರದ ಆ ಕೋಣೆಯಲ್ಲಿ ಅವಳು ಮೊದಲು ನೀರು ತರಲು ಎದ್ದಳು. ಆಮೇಲೆ ಫಲಕ ನೋಡಲು. ಮೂರನೆಯ ಸಲ ಏಳುವಾಗ ಅವನು ಸೆರಗು ಹಿಡಿಯುವಂತೆ ಅವಳ ಅಂಗಿಯ ತುದಿ ಹಿಡಿದ. "ಕೂತ್ಕೊಳೇ." ಕೂತಳು. ಆಗ ಶುರುವಾಯಿತು ನೋಡಿ ಆ ಮೂಗನ ಮಾತು. ಚಂಡಮಾರುತದ ಮರುದಿನ ಅವಳು ಉಟ್ಟಿದ್ದ ಬಟ್ಟೆಯ ಬಣ್ಣ, ಸೆವಾಸ್ತಿ ತನ್ನ ಪಾಲಿನ ಗಟ್ಟಿ ಬಾರ್ಲಿ ರೊಟ್ಟಿಯನ್ನು ನೆನೆಸಿ ಮಗುವಾಗಿದ್ದ ಇವನಿಗೆ ತಿನ್ನಿಸುತ್ತಿದ್ದದ್ದು, ಮೊದಲ ಮಗು ಉಳಿಯದೇ ಹೋದಾಗ ತಾನು ಟೈಲ್ಸ್ ಕೆಲಸದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತದ್ದು. ಕೊನೆಯದು ಅವಳಿಗೆ ಗೊತ್ತೇ ಇರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ತೋಳು ಮರಗಟ್ಟಿತು, ಅವಳು ಅಲುಗಲಿಲ್ಲ. ಇಷ್ಟು ವರ್ಷ ಇವನ ಜೊತೆ ಬಾಳಿದೆ, ಕೂರಲಿಲ್ಲವಲ್ಲ ಎಂದು ದುಃಖ ಒತ್ತರಿಸಿ ಬಂತು. ಇವನ ಮೇಲೆ ಅಷ್ಟು ಪ್ರೀತಿ ತನಗಿದೆಯೆಂದು ಅವಳಿಗೆ ಆವತ್ತಿನವರೆಗೆ ಅನ್ನಿಸಲು ಬಿಡುವೇ ಸಿಕ್ಕಿರಲಿಲ್ಲ.

ಅಥೆನ್ಸಿನಿಂದ ಬಂದರಿಗೆ, ಬಂದರಿನಿಂದ ಹಡಗು. ಬೆಳಿಗ್ಗೆ ಹಡಗು ದಡಕ್ಕೆ ಬಂದಾಗ ನೊಮಿಕೋಸ್ ಏಣಿಯನ್ನು ತನ್ನ ಕಾಲಿನಲ್ಲೇ ಇಳಿದ. ಸೆವಾಸ್ತಿ ತನ್ನ ಮನೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಾದಿದ್ದಳು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಕೆನ್ನೆಗೆ ಒಂದೇಟು ಕೊಟ್ಟಳು, ಆಮೇಲೆ ಮುತ್ತಿಟ್ಟಳು.

ನೆರೆಯವರೆಲ್ಲ ಸೇರಿದರು. ಥೆಮೆಲೀನ ದುಬಾರಿ ವಿಮಾನದಲ್ಲಿ ಬಂದ ಸುದ್ದಿ ಹಡಗಿಗಿಂತ ಮೊದಲೇ ಬಂದು ಮುಟ್ಟಿತ್ತು.

"ಹೇಗಿತ್ತೋ?" ಎಂದಳು ಸೆವಾಸ್ತಿ. "ಏನೇನು ಕೊಟ್ರು? ಸೀಟು ಮೆತ್ತಗಿತ್ತಾ? ಊಟಕ್ಕೇನು ಹಾಕಿದ್ರು?"

"ಅದೆಲ್ಲ ನೆನಪಿಲ್ಲ ಅಕ್ಕ," ಎಂದ ನೊಮಿಕೋಸ್. ಎಲ್ಲರ ಎದುರು, ಜಂಬ ಕೊಚ್ಚಿಕೊಳ್ಳುವವನ ದನಿಯಲ್ಲಿ ಹೇಳಿದ: "ಒಂಬತ್ತು ಗಂಟೆ ಹೊತ್ತು ಇವಳು ನನ್ನ ಪಕ್ಕ ಕೂತಿದ್ಲು."

ಎಲ್ಲರಿಗೂ ಕಾಫಿ ಮಾಡಲೆಂದು ಆಗಲೇ ಅರ್ಧ ಎದ್ದಿದ್ದ ಥೆಮೆಲೀನ ಮತ್ತೆ ಕುಳಿತಳು.