ಚನ್ನನ ಸಣ್ಣ ತಟ್ಟೆ

ಮಹಾಲಯ ಅಮಾವಾಸ್ಯೆ, ಸಂಜೆ ಆರು ಗಂಟೆ. ಅಡುಗೆಮನೆಯಲ್ಲಿ ನಾನು, ನನ್ನ ಸೊಸೆ, ಹೊಸ್ತಿಲ ಬಳಿ ಮೊಮ್ಮಗಳು. ಕುದಿಯುವ ಬೆಲ್ಲದ ಪಾಕಕ್ಕೆ ಮಂಡಕ್ಕಿ ಸುರಿದ ಕೂಡಲೇ ಏಳುವ ಘಮ, ಅರ್ಧ ಏಲಕ್ಕಿಯದು, ಅರ್ಧ ಸೀದದ್ದು, ಮೂಗಿಗೆ ತಾಗಿದರೆ ಸಾಕು, ನಾನು ದಾವಣಗೆರೆಯ ನಮ್ಮ ಹೆಂಚಿನ ಮನೆಯ ಪಡಸಾಲೆಯಲ್ಲಿರುತ್ತೇನೆ. ಪಾಕ ಆರುವ ಮೊದಲು ಉಂಡೆ ಕಟ್ಟಿ ಮುಗಿಸಬೇಕು. ಕೈ ಸುಡುತ್ತದೆ, ನಿಲ್ಲಿಸುವಂತಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳವು. ಆ ಮನೆ ಹತ್ತಿ ಮಿಲ್ಲಿನ ಕೂಗಿಗೆ ಏಳುತ್ತಿತ್ತು, ಕೂಗಿಗೆ ಮಲಗುತ್ತಿತ್ತು. ಅಪ್ಪ ಅಲ್ಲಿ ಮೇಸ್ತ್ರಿ. ಅವರ ಹುಬ್ಬಿನ ಮೇಲೂ ಹತ್ತಿಯ ನವಿರು ಕೂತಿರುತ್ತಿತ್ತು. ಮೊದಲ ಕೂಗಿಗೆ ಹಾಸಿಗೆ ಮಡಚಬೇಕು, ಎರಡನೆಯದಕ್ಕೆ ಸ್ನಾನ ಮುಗಿದಿರಬೇಕು. ಆ ಕ್ರಮ ನನ್ನ ಮೈಗೆ ಹತ್ತಿದ್ದು ಇಂದಿಗೂ ಬಿಟ್ಟಿಲ್ಲ, ಅದರ ಮೇಲೆ ನನಗೆ ದೂರೂ ಇಲ್ಲ. ಒಂದು ಬೇಸಿಗೆಯಲ್ಲಿ ನನ್ನ ತಮ್ಮ ಚನ್ನ, ಆರು ವರ್ಷದವನು, ವಿಷಮಶೀತ ಜ್ವರದಿಂದ ತೀರಿಕೊಂಡ. ಅಪ್ಪ ಅವನ ಪಾಟಿ, ಅಂಗಿ, ಬುಗುರಿ ಎಲ್ಲವನ್ನೂ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟರು. "ಇನ್ನ ಮನ್ಯಾಗ ಅವನ ಹೆಸರು ಎತ್ತಬ್ಯಾಡ್ರಿ. ನಿಮ್ಮ ನಿಮ್ಮ ಕೆಲಸ ನೋಡ್ರಿ" ಎಂದರು. ಅವ್ವ ಒಲೆಯ ಹೊಗೆಯ ನೆಪದಲ್ಲಿ ಅತ್ತಳು. ಹದಿಮೂರು ವರ್ಷದ ನನ್ನ ಅಕ್ಕ ಗಿರಿಜಾ ಅಳಲಿಲ್ಲ, ಮಾತು ಬಿಟ್ಟಳು. ಎರಡನೆಯ ಕೂಗಾದರೂ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದಳು. ತಟ್ಟೆಯ ಮುಂದೆ ಕೂತರೂ ತುತ್ತು ಎತ್ತುತ್ತಿರಲಿಲ್ಲ. ಅಜ್ಜಿ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದಳು. ಅಪ್ಪ ಸೋಮಾರಿತನ ಎಂದರು. ಕಡೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ಹತ್ತಿರದ ಸಾರಥಿ ಊರಲ್ಲೊಂದು ಗಂಡಿದೆ, ಹಿರಿಯರ ಹಬ್ಬ ಕಳೆದ ಮೇಲೆ ಶಾಲೆ ಬಿಡಿಸಿ ಮದುವೆ ಮಾಡಿದರೆ ಹುಡುಗಿ ಸರಿಹೋಗುತ್ತಾಳೆ.

ಅವಳ ಶಾಲೆಯ ಜೈಬುನ್ ಅಕ್ಕೋರು ದಿನವೂ ಹರಿಹರದಿಂದ ರೈಲಿನಲ್ಲಿ ಬಂದು ಪಾಠ ಮಾಡುತ್ತಿದ್ದರು. ಉತ್ತರ ಕೊಡದ ಗಿರಿಜಾಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಏನೂ ಕೇಳದೆ, ಅವಳ ಕೈಗೊಂದು ತಕಲಿ ಕೊಟ್ಟು ತಾವೂ ನೂಲು ತೆಗೆಯುತ್ತಿದ್ದರಂತೆ. ಹಾಗೆ ಎಷ್ಟೋ ವಾರ ಕಳೆದ ಮೇಲೆ ಅಕ್ಕ ಬಾಯಿ ಬಿಟ್ಟಳು. ಆ ವರ್ಷದ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಅಕ್ಕೋರು, ಅವಳ ಒಪ್ಪಿಗೆ ಪಡೆದೇ, ನಮ್ಮ ಮನೆಗೆ ಬಂದರು.

"ಬರ್ರಿ ಅಕ್ಕೋರೆ, ಕೂಡ್ರಿ" ಎಂದು ಅಪ್ಪ ಚಾಪೆ ಹಾಸಿದರು. "ಹಾಜರಿ ವಿಷ್ಯಾನ? ಇನ್ನ ಆಕಿ ಸಾಲಿಗೆ ಬರಾದಿಲ್ಲ ಬಿಡ್ರಿ."

"ಹಾಜರಿ ಕೇಳಾಕ ಹಬ್ಬದ ದಿನ ಹರಿಹರದಿಂದ ಯಾರು ಬರ್ತಾರ್ರಿ ಯಜಮಾನ್ರೆ? ನಿಮ್ಮ ಮಗಳು ಒಂದು ಮಾತು ಹೇಳ್ತಾಳ. ಮುಗಿಯೋತನಕ ನಡುವ ಬಾಯಿ ಹಾಕಬ್ಯಾಡ್ರಿ, ಅಷ್ಟ."

ಗಿರಿಜಾ ಕಂಬ ಹಿಡಿದು ನಿಂತಳು. "ಅಂವ ಮಂಡಕ್ಕಿ ಉಂಡೆ ಕೇಳಿದ. ಗಟ್ಟಿ ಪದಾರ್ಥ ಕೊಡಬಾರ್ದು ಅಂದಿದ್ರಲ್ಲ, ನಾಳೆ ಕೊಡ್ತೀನಿ ಅಂದೆ. ಡಬ್ಬಿ ಅಟ್ಟದ ಮ್ಯಾಲೆ ಇಟ್ಟೆ. ಅಂವ ಉಂಡೆ ಉಂಡೆ ಅಂತನ ಹೋದ."

ಅಪ್ಪ ನೆಲ ನೋಡುತ್ತಲೇ, "ಡಾಕ್ಟ್ರು ನನಗ ಹೇಳಿದ್ರು, ನಾ ನಿನಗ ಹೇಳಿದೆ" ಎಂದರು. "ನೀ ನನ್ನ ಮಾತು ಕೇಳಿದಿ, ಮಗಳ. ಅಷ್ಟ ನೀ ಮಾಡಿದ್ದು."

"ಈವತ್ತು ಎಡೆ ಇಡ್ತೀರಲ್ಲ, ಚನ್ನಂಗೂ ಒಂದು ಇಡ್ರಿ" ಎಂದರು ಅಕ್ಕೋರು.

ಅಜ್ಜಿ ಸಿಡುಕಿದಳು. "ಹಿರಿಯರ ಹಬ್ಬ ಅಂದ್ರ ಹಿರಿಯರಿಗೆ. ಕೂಸಿಗೆ ಎಡೆ ಇಡಾದಿಲ್ಲ. ನಮ್ಮ ಪದ್ಧತಿ ನಿಮಗ ಹೆಂಗ ಗೊತ್ತಾಗಬೇಕು?"

"ಗೊತ್ತಿಲ್ಲ ಅಜ್ಜಿ. ನಮ್ಮ ಮನ್ಯಾಗ ಷಬೇ ಬರಾತಿಗೆ ಸತ್ತೋರ ಹೆಸರಿನಾಗ ಹಲ್ವಾ ಮಾಡ್ತೀವಿ. ಮೂರು ವರ್ಷಕ್ಕ ಹೋದ ನನ್ನ ತಂಗಿ ಹೆಸರೂ ಹೇಳ್ತೀವಿ. ಎಲ್ಲಾರಿಗಿಂತ ಆಕಿನ ಹೆಚ್ಚು ತಿಂತಾಳ ಅಂತ ನಮ್ಮಪ್ಪ ನಗ್ತಾರ."

ಆಗ ಮಿಲ್ಲು ಕೂಗಿತು, ಆ ವಾರದ ಅಪ್ಪನ ಮಧ್ಯಾಹ್ನದ ಪಾಳಿಗೆ. ಅಪ್ಪ ಏಳಲಿಲ್ಲ. "ಚನ್ನನ ತಟ್ಟೆ ಇದ್ದಿದ್ರ..." ಎಂದರು. ಅಷ್ಟು ದಿನಗಳ ಮೇಲೆ ಅಪ್ಪನ ಬಾಯಿಂದ ಆ ಹೆಸರು ಕೇಳಿದ್ದು ಅದೇ ಮೊದಲು. ಅವ್ವ ಒಳಗೆ ಹೋಗಿ ಜೋಳದ ಗಡಿಗೆಯಲ್ಲಿ ಮೊಣಕೈವರೆಗೆ ಕೈ ಇಳಿಸಿ, ತಾನು ಹುದುಗಿಸಿಟ್ಟಿದ್ದ ಸಣ್ಣ ಹಿತ್ತಾಳೆ ತಟ್ಟೆಯನ್ನು ತೆಗೆದು ತಂದಳು. ಪಾಕ ಇಟ್ಟರು. ಗಿರಿಜಾ ಉಂಡೆ ಕಟ್ಟಲು ಕೂತಾಗ ಅಜ್ಜಿ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: "ಸಣ್ಣದು ಕಟ್ಟು. ಅವನ ಬಾಯಿ ಸಣ್ಣದು."

ಆಗ ಅಕ್ಕ ಅತ್ತಳು. ಎಡೆ ತೆಗೆದ ಮೇಲೆ ಆ ಉಂಡೆಯಲ್ಲಿ ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು.

ಅಂದೇ ಎಲ್ಲ ಸರಿಹೋಯಿತೆಂದರೆ ಸುಳ್ಳು. ಎಷ್ಟೋ ಬೆಳಗು ಅವಳು ಮತ್ತೆ ಗೋಡೆಗೆ ಮುಖಮಾಡಿ ಮಲಗಿದಳು. ಆದರೆ ಅಪ್ಪ ಮೊದಲ ಕೂಗಿಗೆ ಎದ್ದು ಅವಳ ಹಾಸಿಗೆಯ ಬಳಿ ಕೂತು "ಈವತ್ತು ಹೆಂಗೈತೆ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು, ಉತ್ತರ ಬಾರದ ದಿನ ಸುಮ್ಮನೆ ಕೂತಿದ್ದು ಕೆಲಸಕ್ಕೆ ಹೋದರು. ಶಾಲೆಯಲ್ಲಿ ತಕಲಿ ತಿರುಗುತ್ತಲೇ ಇತ್ತು. ಸಾರಥಿಯ ಗಂಡಿನ ಮಾತು ಮತ್ತೆ ಬರಲಿಲ್ಲ. ಈಗ ಆ ಕೂಗಿಲ್ಲ, ಹೆಂಚಿನ ಮನೆಯಿಲ್ಲ, ಪಡಸಾಲೆಯಲ್ಲಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಕಳೆದ ಚಳಿಗಾಲದಲ್ಲಿ ಗಿರಿಜಕ್ಕನೂ ಹೋದಳು. ತವರಿನವರಿಗೆ ನಾನು ಎಡೆ ಇಡುವ ಪದ್ಧತಿಯಿಲ್ಲ, ಆದರೂ ಇಡುತ್ತೇನೆ. ಈವತ್ತು ಚನ್ನನ ಅದೇ ಸಣ್ಣ ತಟ್ಟೆಯಲ್ಲಿ ಎರಡು ಉಂಡೆ ಇಟ್ಟೆ. ಒಂದೇಕೆ ಸಣ್ಣದು ಎಂದು ಮೊಮ್ಮಗಳು ಕೇಳಿದಳು. ಹೇಳಿದೆ. ಎಲ್ಲರ ಊಟವಾಯಿತು. ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಅದರ ಜಾಗದಲ್ಲಿ ಬೋರಲು ಹಾಕಿದೆ.