ಅನಿಲನ ಹುಟ್ಟುಹಬ್ಬಕ್ಕೊಂದು ಪಿಸ್ತೂಲು

ಅಮೆರಿಕದ ಫೋರ್ಟ್ ಮಿಲ್ ಊರಿನ ಈ ಬಂದೂಕಿನ ಅಂಗಡಿಯಲ್ಲಿ ಬಲೂನಿನ ಚಿತ್ರದ ಕಾಗದವೂ ರಿಬ್ಬನ್ನೂ ಇವೆ. ಕೊಂಡದ್ದನ್ನು ಉಡುಗೊರೆಯಾಗಿ ಪುಕ್ಕಟೆ ಸುತ್ತಿಕೊಡುತ್ತಾರೆ.

ನನ್ನನ್ನು ಕರೆತಂದ ಗೆಳತಿ ವಸುಧಾ ಧಾರವಾಡದವಳು. ಇಲ್ಲಿ ಡಾಕ್ಟರು, ಈಗ ಈ ದೇಶದ ಪ್ರಜೆ. ಗುಂಡೇಟು ತಿಂದು ಬಂದವರನ್ನು ಹೊಲಿದು ಹೊಲಿದು ಸಾಕಾದವಳು, ಇವತ್ತು ತಮ್ಮ ಅನಿಲನಿಗೆ ಪಿಸ್ತೂಲು ಕೊಡಿಸಲು ಬಂದಿದ್ದಾಳೆ. ಹೋದ ತಿಂಗಳು ಪಕ್ಕದ ಮನೆಯ ಜಗಳದ ಗುಂಡೊಂದು ಗೋಡೆ ತೂರಿ ಅವನ ದಿಂಬಿನ ಮೇಲೆಯೇ ಹಾದುಹೋಯಿತು. ಕಬ್ಬಿಣದ ಬಾತ್‌ಟಬ್ಬಿನೊಳಕ್ಕೆ ಗುಂಡು ನುಗ್ಗಲಾರದೆಂದು ಆವತ್ತಿನಿಂದ ಅವನು ಅದರಲ್ಲೇ ಮಲಗುತ್ತಾನೆ.

ಉಡುಗೊರೆ ಕೊಡುವುದು ತಪ್ಪಲ್ಲ ಎಂದ ಅಂಗಡಿಯವನು, ಯಾರಿಗೆ ಎಂದು ಕೇಳಿದ. ತಮ್ಮನಿಗೆ, ವರ್ಕ್ ವೀಸಾದಲ್ಲಿದ್ದಾನೆ ಎಂದೊಡನೆ ಪಿಸ್ತೂಲನ್ನು ಮರಳಿ ಗಾಜಿನೊಳಗಿಟ್ಟ. ಕೊಳ್ಳುವವಳು ನಾನು, ಪೊಲೀಸ್ ದಾಖಲೆಯ ತಪಾಸಣೆ ನನ್ನದೇ ಮಾಡಿ ಎಂದು ವಸುಧಾ ಇಂಗ್ಲಿಷಿನಲ್ಲಿ ವಾದಿಸಿದಳು. ವೀಸಾದಲ್ಲಿರುವವನ ಕೈಗೆ ಕೊಟ್ಟರೆ ಕೊಟ್ಟವರದೂ ಅಪರಾಧ, ಬೇಟೆಯ ಲೈಸನ್ಸ್ ಇದ್ದರೆ ಬೇರೆ ಮಾತು ಎಂದ ಅವನು. ಜಿಂಕೆ ಹೊಡೆಯುವವನಿಗೆ ಉಂಟು, ಹೆದರಿದವನಿಗೆ ಇಲ್ಲ.

"ಗನ್ ಹಿಡದ್ರ ವೀಸಾ ಹೋಗ್ತದ. ಗುಂಡು ಬಡದ್ರ ವೀಸಾಕ್ಕ ಏನೂ ಆಗೂದಿಲ್ಲ ನೋಡು," ಎಂದು ನನ್ನತ್ತ ತಿರುಗಿ ನಕ್ಕಳು. ನನಗೆ ನಗು ಬರಲಿಲ್ಲ.

ಕಾರಿನಲ್ಲಿ ಕೂತರೂ ಸ್ಟಾರ್ಟ್ ಮಾಡದೆ ಫೋನಿನಲ್ಲಿ ಏನೋ ನೋಡುತ್ತಿದ್ದಳು.

"ಏನೇ ಸರ್ಚ್ ಮಾಡ್ತಿದೀಯಾ?" ಎಂದೆ.

"ಗಾದಿ," ಎಂದಳು. "ಟಬ್ಬಿನ್ಯಾಗ ಬರೋಬ್ಬರಿ ಕೂಡೂವಂಥಾದ್ದು ಒಂದೂ ಸಿಗವಲ್ದು."