ಕ್ಲೋವಿಸ್ ಆಂಜೆಲ್‌ನ ಹಂಡೆ ಮತ್ತು ಮೂಗು

ಚಳಿಗಾಲದ ಜ್ವರ ಬಂದು ಹೋದ ಮೇಲೆ ಕ್ಲೋವಿಸ್ ಆಂಜೆಲ್‌ಗೆ ಯಾವ ವಾಸನೆಯೂ ತಿಳಿಯದಂತಾಯಿತು. ಮೊದಮೊದಲು ನೆಗಡಿ ಎಂದುಕೊಂಡ. ನೆಗಡಿ ಹೋಯಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಕಾಫಿ ಬರೀ ಬಿಸಿನೀರಾಯಿತು. ದೋಣಿ ಮೋಟಾರು ರಿಪೇರಿ ಮಾಡುವವನಿಗೆ ಪೆಟ್ರೋಲು ಸೋರುವುದೇ ತಿಳಿಯದಿದ್ದರೆ ಗತಿಯೇನು? ಅದನ್ನು ಹೇಗೋ ಬೆರಳಿನಿಂದ ಮುಟ್ಟಿ ನೋಡಿ ನಿಭಾಯಿಸಿದ. ಆದರೆ ಶುಭ ಶುಕ್ರವಾರ ಹತ್ತಿರವಾಗುತ್ತಿತ್ತು. ಆ ದಿನವನ್ನು ಬೆರಳಿನಿಂದ ನಿಭಾಯಿಸುವಂತಿರಲಿಲ್ಲ.

ಆ ದಿನ ಅಮೆರಿಕದ ಲೂಸಿಯಾನಾದ ಕಟಹೂಲಾ ಊರಿನಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ. ಹಾಗೆಂದು ಉಪವಾಸ ಮಾಡುತ್ತಾರೆ ಎಂದುಕೊಂಡರೆ ಕೆಟ್ಟಿರಿ. ಎಲ್ಲರ ಹಿತ್ತಿಲಲ್ಲೂ ಹಂಡೆ ಏರುತ್ತದೆ, ಕೆರೆಯ ಕೆಸರಿನಲ್ಲಿ ಸಿಗುವ ಸಿಗಡಿಯಂಥ ಕ್ರಾಫಿಶ್ ಚೀಲಗಟ್ಟಲೆ ಬೇಯುತ್ತದೆ. ನೀರಿನ ಜೀವಿ ಮಾಂಸದ ಲೆಕ್ಕಕ್ಕಿಲ್ಲ. ಅದರಲ್ಲೂ ಕ್ಲೋವಿಸ್‌ನ ಹೆಂಡತಿಯ ತವರು, ಡೂಗಾ ಮನೆಯವರ ಹಂಡೆಯೆಂದರೆ ಸುಮ್ಮನೆಯಲ್ಲ. ಮಕ್ಕಳು, ಮೊಮ್ಮಕ್ಕಳು, ಬೀಗರು, ಬೀಗರ ನೆಂಟರು, ಕರೆಯದೆ ಬರುವವರು, ಎಲ್ಲರೂ ಅಲ್ಲಿಗೇ. ಅದನ್ನು ಕದಡುವುದು ಸೌಟಿನಿಂದಲ್ಲ, ದೋಣಿಯ ಹುಟ್ಟಿನಿಂದ. ಹುಟ್ಟು ಯಾರ ಕೈಯಲ್ಲಿದೆಯೋ ಆ ದಿನಕ್ಕೆ ಅವನೇ ಯಜಮಾನ.

ಮುದುಕ ಡೂಗಾ ಸಾಯುವ ಮುಂಚೆ ಆ ಹುಟ್ಟನ್ನು ಹೆತ್ತ ಮಗ ರೇವುಡ್‌ಗೆ ಕೊಡದೆ ಅಳಿಯ ಕ್ಲೋವಿಸ್‌ನ ಕೈಗಿಟ್ಟುಬಿಟ್ಟಿದ್ದ. ಯಾಕೆಂದು ಬಾಯಿ ಬಿಡಲಿಲ್ಲ ಪುಣ್ಯಾತ್ಮ. ಅಂದಿನಿಂದ ರೇವುಡ್ ಪ್ರತಿ ವರ್ಷ ಹಂಡೆಯ ಪಕ್ಕ ನಿಂತು ತಪ್ಪು ಹುಡುಕುವುದನ್ನೇ ವ್ರತ ಮಾಡಿಕೊಂಡಿದ್ದ.

"ಭಾವ, ಉಪ್ಪಿನ ಡಬ್ಬಿ ಮನೇಲೇ ಬಿಟ್ಟು ಬಂದ್ಯಾ?"

"ಬೆಂದ ಮೇಲೆ ಚಿಪ್ಪಿನ ಮೇಲೆ ಪುಡಿ ಉದುರಿಸೋ ಜಾತಿ ನೀನು. ನಂಗೆ ಹೇಳ್ಕೊಡಕ್ಕೆ ಬರ್ತೀಯ? ಚಿಪ್ಪು ಯಾರಾದ್ರೂ ತಿಂತಾರೇನೋ ದಡ್ಡ?"

ಹೀಗೆ ಬೈದಾಡದಿದ್ದರೆ ಇಬ್ಬರಿಗೂ ಹಬ್ಬ ಹಬ್ಬವೆನಿಸುತ್ತಿರಲಿಲ್ಲ.

ಮಾವನ ಕ್ರಮದಲ್ಲಿ ಅಳತೆಯೆಂಬುದೇ ಇರಲಿಲ್ಲ. ಕುದಿಯುವ ನೀರಿಗೆ ಉಪ್ಪು, ಕೆಂಪು ಮೆಣಸಿನ ಪುಡಿ, ಲವಂಗ, ಕೊತ್ತಂಬರಿ ಬೀಜ, ಪಲಾವ್ ಎಲೆ, ಹಿಂಡಿದ ನಿಂಬೆ, ಇಡಿಇಡಿಯಾಗಿ ಬೆಳ್ಳುಳ್ಳಿ ಗೆಡ್ಡೆ. ಮೂಗು ಸಾಕು ಎನ್ನುವ ತನಕ ಹಾಕಬೇಕು. ಆಮೇಲೆ ಆಲೂಗಡ್ಡೆ, ಅದು ಅರೆಬೆಂದ ಮೇಲೆ ತೊಳೆದ ಕ್ರಾಫಿಶ್. ಮೊದಲು ಹಬೆಯಲ್ಲಿ ಕೆರೆಯ ಕೆಸರಿನ ವಾಸನೆ ಬರುತ್ತದೆ. ಕುದಿ ಮತ್ತೆ ಏರಿದಾಗ ಒಂದು ಗಳಿಗೆಯಲ್ಲಿ ಆ ಕೆಸರು ವಾಸನೆ ತಿರುಗಿ ಸಿಹಿ ಘಮವಾಗುತ್ತದೆ. ಆಗ ಒಲೆ ಆರಿಸಲೇಬೇಕು. ತಡವಾದರೆ ಮಾಂಸ ಚಿಪ್ಪಿಗೆ ಅಂಟಿ ಕೂರುತ್ತದೆ. ಬೆಂಕಿ ಆರಿಸಿ, ಮುಸುಕಿನ ಜೋಳ ಸುರಿದು, ಹಂಡೆಯ ಹೊರಮೈಗೆ ಪೈಪಿನಿಂದ ತಣ್ಣೀರು ಬಿಟ್ಟು, ಆಮೇಲೆ ಕಾಯಬೇಕು. ತೇಲುತ್ತಿದ್ದ ಕ್ರಾಫಿಶ್ ಒಂದೊಂದೇ ಮುಳುಗುತ್ತವೆ. ಮುಳುಗಿದವು ಎಂದರೆ ಹೊಟ್ಟೆ ತುಂಬ ಖಾರ ಕುಡಿದಿವೆ ಎಂದರ್ಥ.

ಇದನ್ನೆಲ್ಲ ಮೂಗಿಲ್ಲದೆ ಮಾಡುವುದು ಹೇಗೆ? ನಿಜ ಹೇಳಿದರೆ ಹುಟ್ಟು ಕೈಬಿಡುತ್ತದೆ. ಗಡಿಯಾರ ನೋಡುತ್ತ ನಿಂತರೆ ರೇವುಡ್‌ನ ಹದ್ದಿನ ಕಣ್ಣಿಗೆ ಬೀಳುತ್ತದೆ. ಯೋಚಿಸಿ ಯೋಚಿಸಿ ಕ್ಲೋವಿಸ್ ಒಂದು ಉಪಾಯ ಹೂಡಿದ. ಮೆಲ್ಲಗೆ 'ನಮೋ ಮರಿಯೆ' ಎಂದು ದೇವಮಾತೆಯ ಜಪ ಮಾಡುವುದು, ಜಪದ ಲೆಕ್ಕದಲ್ಲೇ ಒಲೆ ಆರಿಸುವುದು. ಶುಭ ಶುಕ್ರವಾರ ತುಟಿ ಆಡಿಸಿದರೆ ಯಾರು ತಾನೆ ಅನುಮಾನ ಪಡುತ್ತಾರೆ?

ಆ ಮಧ್ಯಾಹ್ನ ಮೊದಲ ಚೀಲಕ್ಕೆ ನೀರು ಕುದಿಯಿತು. ಕ್ಲೋವಿಸ್ ಬಗ್ಗಿ ಹಬೆ ಎಳೆದ. ಏನೂ ಇಲ್ಲ. ಇನ್ನೊಂದು ಹಿಡಿ ಮೆಣಸಿನ ಪುಡಿ ಹಾಕಿದ. ಏನೂ ಇಲ್ಲ. ಮತ್ತೊಂದು ಹಿಡಿ, ಅದರ ಮೇಲೊಂದು. ಕೊನೆಗೆ ಗಂಟಲು ಉರಿದು ಕೆಮ್ಮು ಬಂತು. ಅಬ್ಬಾ, ಏನೋ ಒಂದು ತಿಳಿಯಿತಲ್ಲ ಎಂದು ಬಡಪಾಯಿ ಖುಷಿಪಟ್ಟ. ಕ್ರಾಫಿಶ್ ಸುರಿದು ಜಪಕ್ಕೆ ತೊಡಗಿದ. ಅರ್ಧ ದಾರಿಯಲ್ಲಿ ಬೀಗರ ಕಡೆಯವನೊಬ್ಬ ಬಂದು ಹೆಗಲ ಮೇಲೆ ಕೈಯಿಟ್ಟ.

"ಕ್ಲೋವಿಸಣ್ಣ, ನನ್ನ ಮೋಟಾರು ತಿರುಗ್ತದೆ, ದೋಣಿ ಮಾತ್ರ ಮುಂದಕ್ಕೇ ಹೋಗಲ್ಲ. ಏನಾಗಿರ್ಬಹುದು?"

"ನಮೋ ಮರಿ… ಏನಪ್ಪಾ? ದೋಣೀನ ಮರಕ್ಕೆ ಕಟ್ಟಿದ್ಯೇನೋ, ಬಿಚ್ಚಿ ನೋಡು!"

ಅವನು ನಗುತ್ತ ಹೋದ. ಜಪದ ಲೆಕ್ಕವೂ ಅವನ ಜೊತೆಗೇ ಹೋಯಿತು. ಕ್ಲೋವಿಸ್ ದೇವರ ಮೇಲೆ ಭಾರ ಹಾಕಿ ಮೊದಲಿನಿಂದ ಶುರುಮಾಡಿದ.

ಹಳೆಯ ಪೇಪರು ಹಾಸಿದ ಉದ್ದ ಮೇಜಿನ ಮೇಲೆ ಹಬೆಯಾಡುವ ಕೆಂಪು ರಾಶಿ ಬಿತ್ತು. ಎಲ್ಲರೂ ಕೈ ಹಾಕಿದರು, ತಲೆ ಮುರಿದು ಒಳಗಿನ ರಸ ಹೀರಿದರು. ಆಮೇಲೆ ಏನು ಹೇಳಲಿ! ಬೀಗರ ಮುಖ ಟೊಮ್ಯಾಟೊ ಆಯಿತು. ಮಕ್ಕಳು ನಲ್ಲಿಯ ಕಡೆ ಓಡಿದರು. ಒಬ್ಬ ಮೀಸೆಯ ಗಂಡಸು ಐಸ್ ತುಂಡನ್ನು ನಾಲಿಗೆ ಮೇಲಿಟ್ಟುಕೊಂಡು ಆಕಾಶ ನೋಡುತ್ತ ಕುಳಿತ. ಆದರೆ ಡೂಗಾ ಮನೆಯ ಹಂಡೆಯನ್ನು ಚೆನ್ನಾಗಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮೂಗು ಒರೆಸಿಕೊಂಡು ಎಲ್ಲರೂ ತಿನ್ನುತ್ತಲೇ ಇದ್ದರು.

ಕ್ಲೋವಿಸ್‌ನ ಅತ್ತೆ ಓಜೀಟಜ್ಜಿ, ತೊಂಬತ್ತು ದಾಟಿದ ಜೀವ, ಒಂದನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. "ಇವತ್ತು ಯೇಸುಸ್ವಾಮಿ ನರಳಿದ ದಿನ. ನಾವೂ ನರಳ್ಲಿ ಅಂತ ಮಾಡಿದ್ದಾರೆ ಅಳಿಯಂದ್ರು. ತಿನ್ನಿ, ತಿನ್ನಿ, ಪುಣ್ಯ ಬರತ್ತೆ," ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಕ್ಲೋವಿಸ್‌ಗೆ ನಗು ಬರಲಿಲ್ಲ. ಅವನು ನೋಡುತ್ತಿದ್ದದ್ದು ರೇವುಡ್‌ನನ್ನು. ಇಂಥ ಅವಕಾಶಕ್ಕೆ ಇಷ್ಟು ವರ್ಷ ಕಾದಿದ್ದ ಮನುಷ್ಯ ತುಟಿ ಪಿಟಕ್ಕೆನ್ನದೆ ಕೈ ತೊಳೆದುಕೊಂಡು ಅಡುಗೆಮನೆಯ ಕಡೆ ಹೋಗುತ್ತಿದ್ದ.

ಸ್ವಲ್ಪ ಹೊತ್ತಿಗೆ ರೇವುಡ್ ಹಂಡೆಯ ಹತ್ತಿರ ಬಂದ. ಕೈಯಲ್ಲಿ ಬಿಚ್ಚದ ಬೆಳ್ಳುಳ್ಳಿ ಚೀಲ.

"ಭಾವ, ಇದು ಅಡುಗೆಮನೇಲಿ ನಲ್ಲಿ ಪಕ್ಕದಲ್ಲೇ ಇತ್ತು."

ಕ್ಲೋವಿಸ್ ಹಂಡೆಯಲ್ಲಿ ಉಳಿದ ನೀರನ್ನು ಹುಟ್ಟಿನಿಂದ ಕದಡತೊಡಗಿದ.

"ಖಾರ ಜಾಸ್ತಿ ಆದ್ರೆ ಕೈ ಜಾರ್ತು ಅನ್ಕೋಬಹುದು. ಚಿಪ್ಪಿಗೆ ಅಂಟ್ಕೊಂಡ್ರೆ ಯಾರೋ ಮಾತಿಗೆ ಎಳೆದ್ರು ಅನ್ಕೋಬಹುದು. ಬೆಳ್ಳುಳ್ಳಿ ಬಿದ್ದಿಲ್ಲ ಅನ್ನೋದು ನಿಂಗೆ ಬೀದಿ ಆಚೆಯಿಂದ ಗೊತ್ತಾಗ್ಬೇಕಿತ್ತು. ಏನಾಗಿದೆ ಹೇಳು."

ಕ್ಲೋವಿಸ್ ಹೇಳಿದ. ಜ್ವರ, ಕಾಫಿ, ಪೆಟ್ರೋಲು, ಜಪ, ಎಲ್ಲವನ್ನೂ ಹೇಳಿದ. ಹುಟ್ಟನ್ನು ಮುಂದೆ ಚಾಚಿದ. "ತಗೋ. ನಿಮ್ಮಪ್ಪನದು. ಮೊದ್ಲಿಂದ್ಲೂ ನಿಂದೇ ಆಗ್ಬೇಕಿತ್ತು."

ರೇವುಡ್ ತೆಗೆದುಕೊಂಡ. ಹಿಡಿಯ ಮೇಲೆ ಅಂಗೈ ಆಡಿಸಿದ. ಹಂಡೆಯ ನೀರನ್ನು ಒಂದು ಸುತ್ತು ಕದಡಿ ಹಬೆ ಮೂಸಿದ. ಮತ್ತೆ ಮೂಸಿದ. ಅವನ ಮುಖ ಪರೀಕ್ಷೆಯಲ್ಲಿ ಕುಳಿತ ಹುಡುಗನ ಮುಖದಂತಾಯಿತು.

"ಥೂ, ವಾಸನೆ ಬರ್ತಿದೆ. ಏನು ಮಾಡ್ಬೇಕು ಅಂತ ಮಾತ್ರ ತೋಚ್ತಿಲ್ಲ."

"ಏನು ವಾಸನೆ?"

"ಅಮ್ಮನ ಬಟ್ಟೆ ಪೆಟ್ಟಿಗೆ ತೆಗೆದ್ರೆ ಬರತ್ತಲ್ಲ, ಆ ಥರ."

"ಲವಂಗ ಮೇಲೆದ್ದಿದೆ. ಅರ್ಧ ನೀರು ಚೆಲ್ಲಿ ಹೊಸನೀರು ಹಾಕು, ಖಾರಾನೂ ತಗ್ಗತ್ತೆ. ಉಪ್ಪು ಹಾಕು. ಬೆಳ್ಳುಳ್ಳಿ ಅಷ್ಟೂ ಸುರಿ." ಕುದಿ ಬಂದ ಮೇಲೆ ಕ್ಲೋವಿಸ್ ಮತ್ತೆ ಕೇಳಿದ, "ಈಗ?"

"ಈಗ… ಚರ್ಚಿನಲ್ಲಿ ಫಾದರ್ ಪಕ್ಕ ನಿಂತ ಹಾಗಿದೆ."

"ಬೆಳ್ಳುಳ್ಳಿ ಮೇಲೆದ್ದಿದೆ. ನಿಂಬೆಹಣ್ಣು ಹಿಂಡು! ಸಿಪ್ಪೆ ಸಮೇತ ಹಾಕು. ಈಗ ಹೇಳು."

"ಹಸಿವಾಗ್ತಿದೆ ಭಾವ."

"ಹಾಗಾದ್ರೆ ಸರಿಯಾಯ್ತು. ಆಲೂಗಡ್ಡೆ ಹಾಕು, ಆಮೇಲೆ ಎರಡನೇ ಚೀಲ."

ಹುಟ್ಟು ಯಾವಾಗ ಕ್ಲೋವಿಸ್‌ನ ಕೈಗೆ ಮರಳಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ರೇವುಡ್ ಹಬೆಯೊಳಗೆ ಮುಖವಿಟ್ಟು ಒದ್ದೆ ನಾಯಿ, ಕೆರೆ ದಂಡೆ, ಹಳೇ ಬೂಟು ಎಂದು ಒಂದೊಂದೇ ಒದರುತ್ತಿದ್ದ. ಒಂದು ಸಲ ಥಟ್ಟನೆ ಸುಮ್ಮನಾಗಿ, "ಏನೋ ಸಿಹಿ ಬಂತು," ಎಂದ. ಕ್ಲೋವಿಸ್ ಒಲೆ ಆರಿಸಿದ. ಜೋಳ ಬಿತ್ತು, ಪೈಪಿನ ನೀರು ಹಂಡೆಯ ಮೈಮೇಲೆ ಹರಿಯಿತು. ಅಷ್ಟೂ ಮುಳುಗುವ ತನಕ ಕಾದರು.

ಎರಡನೇ ರಾಶಿ ಮೇಜಿಗೆ ಬಿದ್ದ ಮೇಲೆ ಮಾತೆಲ್ಲ ನಿಂತುಹೋಯಿತು. ಚಿಪ್ಪು ಮುರಿಯುವ ಸದ್ದು, ಹೀರುವ ಸದ್ದು, ಬೆರಳು ನೆಕ್ಕುವ ಸದ್ದು, ಇಷ್ಟೇ. ಮೀಸೆಯವನು ಐಸ್ ಉಗಿದು ಎರಡೂ ಕೈಯಿಂದ ತಿಂದ. ಕ್ಲೋವಿಸ್‌ನ ಹೆಂಡತಿ ವರ್ಲೀ, "ಏನ್ರೀ ಮಾಡಿದ್ರಿ ಇದಕ್ಕೆ?" ಎಂದಳು.

ಸುಮ್ಮನಿರಬಹುದಿತ್ತು. ರೇವುಡ್ ಯಾರಿಗೂ ಹೇಳುವುದಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಆದರೆ ಕ್ಲೋವಿಸ್‌ಗೆ ಇನ್ನು ಮುಚ್ಚಿಡಲು ಆಗಲಿಲ್ಲ. ಮೇಜಿನ ತುದಿಗೆ ಬಂದು ನಿಂತ.

"ನಂಗೆ ವಾಸನೆ ಬರಲ್ಲ. ಚಳಿಗಾಲದಿಂದ್ಲೂ ಇಲ್ಲ. ಇದು ರೇವುಡ್‌ನ ಮೂಗಿನ ಅಡುಗೆ. ಹುಟ್ಟು ಇನ್ಮೇಲೆ ಯಾರಿಗೆ ಹೋಗ್ಬೇಕೋ ಅತ್ತೆಯವರೇ ಹೇಳ್ಲಿ."

ಎಲ್ಲರೂ ಓಜೀಟಜ್ಜಿಯ ಕಡೆ ತಿರುಗಿದರು. ಅಜ್ಜಿ ಒಂದು ತಲೆಯನ್ನು ಪೂರ್ತಿ ಹೀರಿ ಮುಗಿಸಿಯೇ ಬಾಯಿ ತೆಗೆದಳು.

"ಅಯ್ಯೋ ಅಳಿಯಂದ್ರೇ, ಅಷ್ಟಕ್ಕೇ ಇಷ್ಟು ಒದ್ದಾಡಿದ್ರಾ? ನಿಮ್ಮ ಮಾವಂಗೂ ಕೊನೇ ವರ್ಷಗಳಲ್ಲಿ ಮೂಗು ಸತ್ತುಹೋಗಿತ್ತು. ಯಾರಿಗೂ ಹೇಳ್ಬೇಡ ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡಿದ್ರು. ನೀವು ಪಕ್ಕದಲ್ಲಿ ನಿಂತು ಹುಡುಗನ ಥರ 'ಘಮ ಬಂತು ಮಾವಾ' ಅಂತ ಕೂಗ್ತಿರ್ಲಿಲ್ವೇ? ಆ ಕೂಗು ಕೇಳಿ ಒಲೆ ಆರಿಸ್ತಿದ್ರು."

ರೇವುಡ್ ನಿಧಾನವಾಗಿ ಕೇಳಿದ, "ಅದಕ್ಕೇನಾ ಅಪ್ಪ ಹುಟ್ಟನ್ನ ಇವನಿಗೆ ಕೊಟ್ಟಿದ್ದು? ನಂಗೆ ಹಂಡೆ ಕೆಲ್ಸ ಬರಲ್ಲ ಅಂತ ಅಲ್ವಾ?"

"ನಿಂಗೆ ಬರಲ್ಲ ಅಂತ ಯಾವೋನು ಹೇಳ್ದ? ನೀನು ಸಮುದ್ರದ ಮೇಲೆ ಎಣ್ಣೆ ಬಾವೀಲಿ ಕೆಲ್ಸ ಮಾಡ್ತಿದ್ದೆ ಮಗಾ. ಹಬ್ಬಕ್ಕೆ ಒಂದು ದಿನ ರಜಾ ಸಿಕ್ತಿರ್ಲಿಲ್ಲ. 'ನನ್ ಮಗ ಬಂದಿದ್ರೆ' ಅಂತ ಪ್ರತಿ ಸಲ ಒಲೆ ಹಚ್ಚೋವಾಗ ಅಂತಿದ್ರು."

ರೇವುಡ್ ತಲೆ ತಗ್ಗಿಸಿ ಬಹಳ ಹೊತ್ತು ಪೇಪರಿನ ಮೇಲಿನ ಚಿಪ್ಪುಗಳನ್ನು ಒಟ್ಟುಮಾಡಿದ. ಆಮೇಲೆ ಎದ್ದು ಅಮ್ಮನ ಕೆನ್ನೆಗೆ ಮುತ್ತು ಕೊಟ್ಟು, ಮೂರನೇ ಚೀಲವನ್ನು ಹೆಗಲಿಗೇರಿಸಿಕೊಂಡ. ಕ್ಲೋವಿಸ್ ಹುಟ್ಟು ಹಿಡಿದು ಹಿಂದೆಯೇ ನಡೆದ. ಸ್ವಲ್ಪ ಹೊತ್ತಿಗೆ ಹಿತ್ತಿಲಿನ ಆ ತುದಿಯಿಂದ ರೇವುಡ್‌ನ ಗಂಟಲು ಬೀದಿಗೆಲ್ಲ ಕೇಳುವಂತೆ ಮೊಳಗಿತು.

"ಘಮ ಬಂತು ಭಾವಾ! ಆರ್ಸು, ಆರ್ಸು!"